ಹುಡುಗಿಯ ತಂದೆ ನಗಲಿಲ್ಲ

ಹೆಣ್ಣು ನೋಡಿ ಹೋದವರ ಕಡೆಯಿಂದ ಹೋದ ತಿಂಗಳು ಫೋನ್ ಬಂತು. ‘ಹುಡುಗಿಯ ತಂದೆಗೆ ಈ ಸಂಬಂಧ ಇಷ್ಟ ಇಲ್ಲವಂತೆ. ಹಾಗಾಗಿ ಮುಂದುವರಿಸುವುದು ಬೇಡ’ ಅಂತ.

ಹುಡುಗಿಯ ತಂದೆ ಅಂದರೆ ನಾನು. ನನಗೆ ಇಷ್ಟವಿಲ್ಲ ಎನ್ನುವ ಸಂಗತಿ ನನಗೇ ಗೊತ್ತಿರಲಿಲ್ಲ ಮಾರಾಯ್ರೆ!

ಫೋನ್ ಮಾಡಿದವರು ಶೇಖರಣ್ಣ. ಇಲ್ಲಿ ಮಸ್ಕತ್ತಿನ ರೂವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ಬಿಡುವಿನಲ್ಲಿ ಇಲ್ಲಿರುವ ನಮ್ಮ ಊರಿನವರ ಮಕ್ಕಳಿಗೆ ಸಂಬಂಧ ಹುಡುಕಿ ಕೊಡುತ್ತಾರೆ. (ಅಥವಾ ಸಂಬಂಧ ಹುಡುಕುವ ಬಿಡುವಿನಲ್ಲಿ ಬಟ್ಟೆ ಮಾರುತ್ತಾರೆ. ಯಾವುದು ಮುಖ್ಯ ಕಸುಬು ಅಂತ ಅವರ ಹೆಂಡತಿಗೂ ಸರಿಯಾಗಿ ಗೊತ್ತಿಲ್ಲ.)

‘ಶೆಟ್ರೆ, ನೀವು ಅವತ್ತು ಎಂತ ಮಾಡಿದ್ದು? ಹುಡುಗನ ಅಪ್ಪ ಅಷ್ಟು ತಮಾಷೆ ಮಾಡಿದ್ರೂ ನೀವು ಒಂದು ಸಲ ಹಲ್ಲು ಬಿಡ್ಲಿಲ್ಲ. ತೀರ್ಪು ಹೇಳ್ಲಿಕ್ಕೆ ಕೂತ ಜಡ್ಜ್ ಹಾಗೆ ಕೂತಿದ್ರಿ. ಕಿಸೆಯಿಂದ ಕೈ ಕೂಡ ತೆಗೀಲಿಲ್ಲ. ಮಸ್ಕತ್ತಿನಲ್ಲಿ ಮ್ಯಾನೇಜರ್ ಆದ್ರೆ ಇಷ್ಟು ಅಹಂಕಾರವಾ ಅಂತ ಕೇಳ್ತಿದ್ದಾರೆ.’

ಅಹಂಕಾರ! ಅವತ್ತು ನಾನು ನಕ್ಕಿದ್ದೆ ಸ್ವಾಮಿ. ಹೊಟ್ಟೆ ತುಂಬಾ ನಕ್ಕಿದ್ದೆ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿಳಿದ ಆ ಹಿರಿಯರು, ಸೀಬ್ ಏರ್‌ಪೋರ್ಟಿನ ಕಸ್ಟಮ್ಸ್‌ನವನು ತಮ್ಮ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಸೀನಿ ಸೀನಿ ಕೊನೆಗೆ ‘ಯಲ್ಲಾ, ಯಲ್ಲಾ’ ಎಂದು ತಮ್ಮನ್ನು ಹೊರಗೆ ಓಡಿಸಿದ ಕತೆಯನ್ನು ಅಭಿನಯ ಸಮೇತ ಹೇಳಿದ್ದರು. ನನಗೆ ಆ ಮನುಷ್ಯ ತುಂಬಾ ಹಿಡಿಸಿದ್ದರು. ಇಂಥ ಬೀಗರು ಸಿಕ್ಕರೆ ಮುಪ್ಪಿನ ಕಾಲ ಸಲೀಸಾಗಿ ಕಳೆಯುತ್ತದೆ ಎಂದುಕೊಂಡೆ. ಆದರೆ ಹೊಟ್ಟೆಯಿಂದ ಹೊರಟ ನಗು ಮುಖದ ತನಕ ಬರಲಿಲ್ಲ. ಈಚೆಗೆ ಬರುವುದಿಲ್ಲ.

ವಿಷಯ ಇಷ್ಟೇ. ನನಗೆ ಪಾರ್ಕಿನ್ಸನ್ಸ್ ಕಾಯಿಲೆ.

ಹೋದ ವರ್ಷ ರಂಜಾನ್ ಕಳೆದ ಮೇಲೆ, ಸುಮ್ಮನೆ ಕೂತಾಗ ಎಡಗೈ ನಡುಗಲು ಶುರುವಾಯಿತು. ಏಸಿ ಗಾಳಿಗೆ ಇರಬೇಕು ಅಂದುಕೊಂಡೆ. (ಗಲ್ಫಿನಲ್ಲಿ ನಮ್ಮ ಎಲ್ಲ ಕಾಯಿಲೆಗೂ ಏಸಿಯೇ ಕಾರಣ.) ಆಮೇಲೆ ಅಂಗಿಯ ಗುಂಡಿ ಹಾಕಲು ಹೊತ್ತಾಗತೊಡಗಿತು. ನಾನು ಪೇಪರಿಗೆ ಬರೆದು ಕಳಿಸುವ ಈ ಅಂಕಣದ ಅಕ್ಷರಗಳು ಇರುವೆಯಷ್ಟು ಸಣ್ಣಗಾಗುತ್ತಿವೆ, ಜೊತೆಗೆ ಒಂದು ಭೂತಗನ್ನಡಿಯನ್ನೂ ಕಳಿಸಿ ಎಂದು ಸಂಪಾದಕರು ಫ್ಯಾಕ್ಸ್ ಮಾಡಿದರು. ಡಾಕ್ಟರ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ.

ನರರೋಗದ ಡಾಕ್ಟರು ಕೇರಳದವರು, ಸಮಾಧಾನದ ಮನುಷ್ಯ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದಿತ್ತು. ‘ಹಾಗಾದ್ರೆ ಏನೂ ಇಲ್ಲ ಅಲ್ವಾ ಡಾಕ್ಟ್ರೆ?’ ಎಂದು ನನ್ನ ಹೆಂಡತಿ ಸುಮತಿ ಆಸೆಯಿಂದ ಕೇಳಿದಳು. ಹಾಗಲ್ಲ, ಇದು ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆ ಅಲ್ಲ ಎಂದರು ಡಾಕ್ಟರು.

ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಪಟ್ಟಿ ಇದೆಯಂತೆ. ನಿಮಗೂ ಇದೆ, ನನಗೂ ಇದೆ. ಅಲ್ಲಿಯ ಜೀವಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಬಾಗಿಲಿನ ತಿರುಗಣಿಗೆ ಎಣ್ಣೆ ಇದ್ದ ಹಾಗೆ ಅದು. ಕೈ ಎತ್ತುವುದು, ಹೆಜ್ಜೆ ಇಡುವುದು, ನಗುವುದು ಎಲ್ಲ ಸರಾಗವಾಗಿ ನಡೆಯುವುದು ಅದರಿಂದ. ಈ ಕಾಯಿಲೆಯಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಉಳಿದವುಗಳಲ್ಲಿ ಕೆಲವುಗಳ ಒಳಗೆ ಸಣ್ಣ ಸಣ್ಣ ಉಂಡೆಗಳು ಕಟ್ಟಿಕೊಳ್ಳುತ್ತವೆ. ಕಪ್ಪು ಪಟ್ಟಿ ಬರಬರುತ್ತಾ ಬಿಳಚಿಕೊಳ್ಳುತ್ತದೆ. ಕೈ ನಡುಗಿ ನಮಗೆ ಗೊತ್ತಾಗುವ ಹೊತ್ತಿಗೆ ಅಲ್ಲಿ ಬಹಳಷ್ಟು ಖಾಲಿಯಾಗಿರುತ್ತದೆ. ಯಾಕೆ ಸಾಯುತ್ತವೆ ಎಂದು ಕೇಳಿದೆ. ‘ಗೊತ್ತಿಲ್ಲ’ ಎಂದರು. ಡಾಕ್ಟರೊಬ್ಬರ ಬಾಯಲ್ಲಿ ಆ ಮಾತು ಕೇಳಿ ಅವರ ಮೇಲೆ ಗೌರವ ಹೆಚ್ಚಾಯಿತು.

‘ಈ ಪಟ್ಟಿಯನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಲಿಕ್ಕೆ ಆಗುವುದಿಲ್ಲವಾ?’

‘ಆಗುತ್ತದೆ. ಸತ್ತ ಮೇಲೆ, ಮೈಕ್ರೋಸ್ಕೋಪಿನಲ್ಲಿ.’

ನನಗೇನೂ ಅವಸರವಿಲ್ಲ ಎಂದೆ.

ಹುಡುಗಿಯ ಬಣ್ಣ ಒಂದು ಚೂರು ಕಡಿಮೆಯಾದರೆ ಮೂಗು ಮುರಿಯುವ ಜನ ನಾವು. ಮೆದುಳಿನಲ್ಲಿ ಮಾತ್ರ ಕಪ್ಪೇ ಆರೋಗ್ಯ, ಬಿಳಿಯೇ ರೋಗ! ಇದನ್ನು ಹೇಳಿ ಸುಮತಿಯನ್ನು ನಗಿಸಲು ನೋಡಿದೆ. ಅವಳ ಕಪ್ಪು ಪಟ್ಟಿ ಗಟ್ಟಿಯಾಗಿಯೇ ಇದೆ, ಆದರೂ ನಗಲಿಲ್ಲ.

ಅವಳ ತಲೆಯಲ್ಲಿದ್ದದ್ದು ಒಂದೇ, ಮಗಳು ವೀಣಾ. ಕುವೈತ್ ಯುದ್ಧದ ವರ್ಷ ಡಿಗ್ರಿ ಮುಗಿಸಿ ಊರಿನಿಂದ ಬಂದವಳು, ಇಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡುತ್ತಾಳೆ. ‘ಅವಳ ಮದುವೆ ಆಗುವ ತನಕ ಯಾರ ಹತ್ರವೂ ಬಾಯಿ ಬಿಡ್ಬೇಡಿ. ತಂದೆಗೆ ಮೆದುಳಿನ ರೋಗ ಅಂತ ಗೊತ್ತಾದ್ರೆ ಯಾರು ಬರ್ತಾರೆ?’ ಎಂದು ಸುಮತಿ ಕಟ್ಟಪ್ಪಣೆ ಮಾಡಿದಳು. ತಪ್ಪು ಹೇಳಲಾರೆ. ತಾಯಿ ಅವಳು.

ಹಾಗಾಗಿ ಹುಡುಗನ ಕಡೆಯವರು ಬಂದ ದಿನ ನನ್ನ ಎಡಗೈ ಪ್ಯಾಂಟಿನ ಕಿಸೆಗೆ ಹೋಯಿತು. ಗೋಳಿಬಜೆ, ಶೀರಾ, ಚಹಾ ಎಲ್ಲ ಒಂದೇ ಕೈಯಲ್ಲಿ. ಹಿರಿಯರಿಗೆ ಸರಿಯಾಗಿ ಕೈ ಮುಗಿಯಲೂ ಇಲ್ಲ. ಕೈಯನ್ನೇನೋ ಬಚ್ಚಿಟ್ಟೆವು. ಮುಖವನ್ನು ಯಾವ ಕಿಸೆಯಲ್ಲಿ ಇಡುವುದು?

ಶೇಖರಣ್ಣನಿಗೆ ಮಾತ್ರ ಫೋನಿನಲ್ಲೇ ನಿಜ ಹೇಳಿದೆ. ಅವರು ತಕ್ಷಣ ಪರಿಹಾರ ಕೊಟ್ಟರು. ‘ಹಲ್ಲುನೋವು ಅಂತ ಹೇಳುವ ಶೆಟ್ರೆ. ಅವತ್ತು ನಿಮಗೆ ವಿಪರೀತ ಹಲ್ಲುನೋವಿತ್ತು. ಖಲಾಸ್!’

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಸುಮತಿಯ ಮುಖ ಅರಳಿತು. ನಿಜಕ್ಕೂ ಅಷ್ಟೇ ಸಾಕಿತ್ತು. ಹುಡುಗ ಒಳ್ಳೆಯವನು, ವೀಣಾ ಅವನ ಜೊತೆ ಬಾಲ್ಕನಿಯಲ್ಲಿ ನಿಂತು ತುಂಬಾ ಹೊತ್ತು ಮಾತಾಡಿದ್ದಳು. ಒಂದು ಹಲ್ಲುನೋವಿಗೆ ಒಂದು ಮದುವೆ. ಅಗ್ಗದ ವ್ಯಾಪಾರವೇ.

‘ಆಗ್ಲಿಕ್ಕಿಲ್ಲ’ ಎಂದೆ. ಜಗಳ ಶುರುವಾಯಿತು. (ನಮ್ಮ ಮನೆಯ ಜಗಳ ಯಾವಾಗಲೂ ತುಳುವಿನಲ್ಲಿ. ನಿಮ್ಮ ಅನುಕೂಲಕ್ಕೆ ಕನ್ನಡದಲ್ಲಿ, ಬೈಗುಳ ತೆಗೆದು, ಬರೆಯುತ್ತಿದ್ದೇನೆ.) ‘ನಿಮಗೆ ಹಠವೇ ದೊಡ್ಡದಾ, ಮಗಳಾ?’ ಎಂದಳು ಸುಮತಿ. ‘ಮದುವೆ ದಿನ ಧಾರೆ ಎರೆಯುವುದು ಈ ಕೈಯೇ ಅಲ್ವಾ? ಅವತ್ತೂ ಕಿಸೆಯಲ್ಲಿ ಇಟ್ಟುಕೊಳ್ಳಲಾ?’ ಎಂದೆ ನಾನು.

ಅಷ್ಟರಲ್ಲಿ ವೀಣಾ ಒಳಗಿನಿಂದ ಬಂದಳು. ‘ಅಮ್ಮ, ಪ್ಲೀಸ್. ನಾಳೆ ಅವರಿಗೆ ಗೊತ್ತಾದ್ರೆ ಆ ಮನೆಯಲ್ಲಿ ಮಾತು ಕೇಳುವವಳು ನಾನು. ನೀವಿಬ್ರೂ ಅಲ್ಲ. ಲೆಟ್ ಅಸ್ ಗೋ ಅಂಡ್ ಟೆಲ್ ದೆಮ್’ ಎಂದು ಕಾರಿನ ಕೀ ತೆಗೆದುಕೊಂಡಳು.

ಅವತ್ತು ಶುಕ್ರವಾರ, ರಜೆ. ಅಲ್ ಖುವೈರ್‌ನ ಹುಡುಗನ ಫ್ಲ್ಯಾಟಿಗೆ ಹೋದೆವು. ಬಾಗಿಲು ತೆಗೆದ ಹಿರಿಯರ ಮುಖ ಬಿಗಿಯಾಗಿತ್ತು. (ಅವರದ್ದು ಕಾಯಿಲೆ ಅಲ್ಲ, ಸಿಟ್ಟು. ವ್ಯತ್ಯಾಸ ನನಗೆ ತಿಳಿಯುತ್ತದೆ.) ಸೋಫಾದಲ್ಲಿ ಕೂತು ನಾನು ಎಡಗೈಯನ್ನು ಎಲ್ಲರ ಎದುರಿಗೆ ಟೀಪಾಯಿಯ ಮೇಲೆ ಇಟ್ಟೆ. ಅದು ತನ್ನ ಕೆಲಸ ಶುರು ಮಾಡಿತು. ಪಕ್ಕದಲ್ಲಿದ್ದ ಚಹಾದ ಕಪ್ ಸಾಸರಿನ ಮೇಲೆ ಕಿಟಿಕಿಟಿ ಎನ್ನತೊಡಗಿತು.

‘ನಿಮ್ಮ ಉಪ್ಪಿನಕಾಯಿ ಕತೆಗೆ ನಾನು ನಕ್ಕಿದ್ದೆ. ಮುಖ ಸಹಕಾರ ಕೊಡಲಿಲ್ಲ, ಕ್ಷಮಿಸಿ’ ಎಂದು ಶುರು ಮಾಡಿ, ಕಪ್ಪು ಪಟ್ಟಿಯಿಂದ ಹಿಡಿದು ಎಲ್ಲ ಹೇಳಿದೆ. ಹಿರಿಯರ ಸಿಟ್ಟು ಇಳಿಯಿತು. ಎದ್ದು ಬಂದು ನನ್ನ ಪಕ್ಕ ಕೂತರು.

‘ಇದು ಆ ಮರೆವಿನ ಕಾಯಿಲೆ ಅಲ್ವಾ? ಹೆಂಡತಿ ಮಕ್ಕಳ ಗುರುತೇ ಸಿಗುವುದಿಲ್ಲವಂತೆ?’

ಅದು ಅಲ್ಝೈಮರ್ಸ್ ಎಂದೆ. ಅಲ್ಲಿ ಹಾಳಾಗುವ ಜಾಗವೇ ಬೇರೆ. ನೆನಪಿನ ಭಾಗ ಮೊದಲು ಕುಗ್ಗುತ್ತದೆ. ಕೋಶಗಳ ಸುತ್ತ ಗಸಿಯಂಥ ಕಸ ಗಟ್ಟಿಯಾಗಿ ಕೂರುತ್ತದೆ, ಕೋಶದ ಒಳಗಿನ ಎಳೆಗಳು ಸಿಕ್ಕುಗಟ್ಟುತ್ತವೆ. ಅದಕ್ಕೂ ಹುಚ್ಚಿಗೂ ಸಂಬಂಧವಿಲ್ಲ, ನನ್ನದಕ್ಕೂ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೇಳಲಿಕ್ಕೆಂದೇ ಬಂದ ಮೇಲೆ ಅರ್ಧ ಹೇಳಿ ಬರುವುದು ಯಾವ ನ್ಯಾಯ? ‘ನನ್ನ ಕಾಯಿಲೆಯವರಲ್ಲೂ ಕೆಲವರಿಗೆ ಮುಂದೆ ಮರೆವು ಬರುತ್ತದಂತೆ. ನನಗೆ ಬಂದೀತೋ ಇಲ್ಲವೋ ಗೊತ್ತಿಲ್ಲ’ ಎಂದೆ. ಸುಮತಿ ಹಿಂದಿನಿಂದ ಚಿವುಟಿದಳು. (ಚಿವುಟಿದ್ದು ಚೆನ್ನಾಗಿಯೇ ಗೊತ್ತಾಗುತ್ತದೆ. ಆ ನರಗಳಿಗೆ ಏನೂ ಆಗಿಲ್ಲ.)

ಹುಡುಗನ ತಾಯಿ ವೀಣಾಳನ್ನು ಒಮ್ಮೆ ನೋಡಿ ಮೆಲ್ಲಗೆ ಕೇಳಿದರು: ‘ಮಕ್ಕಳಿಗೆ ಬರ್ತದಾ?’

‘ಸಾಮಾನ್ಯವಾಗಿ ಇಲ್ಲ ಅಂತಾರೆ ಡಾಕ್ಟ್ರು. ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಉಂಟಂತೆ. ನಮ್ಮಲ್ಲಿ ನನಗಿಂತ ಮೊದಲು ಯಾರಿಗೂ ಇರಲಿಲ್ಲ. ಇಷ್ಟೇ ನನಗೆ ಗೊತ್ತಿರುವುದು.’

ಸುಳ್ಳು ಹೇಳಿ ಆಕೆಯ ಮುಖ ಹಗುರ ಮಾಡಬೇಕು ಎಂದು ಎಷ್ಟು ಆಸೆಯಾಯಿತು ಗೊತ್ತಾ? ಆ ಆಸೆಯನ್ನು ನುಂಗಿದೆ.

ಹೊರಡುವಾಗ ಹಿರಿಯರು ನನ್ನ ನಡುಗುವ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹುಡುಗ ಕಾರಿನ ತನಕ ಬಂದ. ಎರಡು ದಿನ ಬಿಟ್ಟು ಶೇಖರಣ್ಣನ ಫೋನ್ ಬಂತು. ‘ಜಾತಕ ಕೂಡುವುದಿಲ್ಲವಂತೆ ಶೆಟ್ರೆ.’

ಜಾತಕ ಎರಡು ತಿಂಗಳ ಹಿಂದೆಯೇ ಕೂಡಿತ್ತು. ಕೂಡಿದ ಮೇಲೆಯೇ ಅಲ್ವಾ ಅವರು ಗೋಳಿಬಜೆ ತಿನ್ನಲು ಬಂದದ್ದು?

ಸಿಟ್ಟು ಬಂತು. ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಸುಮತಿ ಅಡುಗೆಮನೆಗೆ ಹೋಗಿ ಅತ್ತಳು. ವೀಣಾ ಮರುದಿನ ಬೆಳಿಗ್ಗೆ ಎಂದಿನಂತೆ ಸ್ಕೂಲಿಗೆ ಹೋದಳು. ಆ ಮನೆಯವರನ್ನು ನಾನು ದೂರುವುದಿಲ್ಲ, ಹೆಸರೂ ಬರೆಯುವುದಿಲ್ಲ. ಹೆದರಿದರು, ಅಷ್ಟೇ. ನಾವೂ ಹೆದರಿಯೇ ತಾನೇ ಕೈಯನ್ನು ಕಿಸೆಗೆ ತುರುಕಿದ್ದು?

ಸುತ್ತ ನೋಡಿ. ವೀಸಾ ರಿನ್ಯೂ ಆಗಲಿಕ್ಕಿಲ್ಲ ಅಂತ ಒಬ್ಬ ಸಕ್ಕರೆ ಕಾಯಿಲೆ ಮುಚ್ಚಿಡುತ್ತಾನೆ. ತಂಗಿಯ ಮದುವೆ ನಿಲ್ಲುತ್ತದೆ ಅಂತ ಇನ್ನೊಬ್ಬ ಅಪಸ್ಮಾರ ಮುಚ್ಚಿಡುತ್ತಾನೆ. ಮರೆವಿನ ಮುದುಕಿಯನ್ನು ‘ಅಜ್ಜಿ ಮಲಗಿದ್ದಾರೆ’ ಎಂದು ಒಳಕೋಣೆಯಲ್ಲಿ ಕೂರಿಸುತ್ತಾರೆ. ಹೃದಯದ ಕಾಯಿಲೆ ಬಂದರೆ ಆಪರೇಷನ್ನಿನ ಗಾಯ ತೋರಿಸಿ ಕತೆ ಹೇಳುತ್ತೇವೆ. ಮೆದುಳಿಗೆ ಬಂದರೆ ಮಾತ್ರ ಯಾಕೆ ಕಳ್ಳರ ಹಾಗೆ ಓಡಾಡಬೇಕು? ಅದೂ ಮಾಂಸವೇ ಅಲ್ವಾ?

ನನ್ನಿಂದ ಇನ್ನು ಆಗುವುದಿಲ್ಲ. ಆಫೀಸಿನಲ್ಲಿ ಹೇಳಿದ್ದೇನೆ. ನಮ್ಮ ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಒಮಾನಿ ಮಾಲೀಕರಿಗೆ, ಕನ್ನಡ ಓದಲು ಬರುವುದಿಲ್ಲ, ಆದರೂ ಎದುರಿಗೆ ಹೋಗಿ ಕೈ ತೋರಿಸಿ ಹೇಳಿ ಬಂದೆ. ಮಾತ್ರೆ ನುಂಗುತ್ತಿದ್ದೇನೆ, ಬೆಳಿಗ್ಗೆ ಕಾರ್ನಿಷ್‌ನ ಸಮುದ್ರ ದಂಡೆಯಲ್ಲಿ ಕೈ ಬೀಸಿ ನಡೆಯುತ್ತಿದ್ದೇನೆ. ಸತ್ತ ಕೋಶಗಳು ವಾಪಸ್ ಬರುವುದಿಲ್ಲ. ಉಳಿದವು ಇವೆಯಲ್ಲ, ಅವುಗಳಿಂದ ಕೆಲಸ ತೆಗೆಯುತ್ತೇನೆ.

ಸಂಪಾದಕರೇ, ಈ ಸಲದ ಅಕ್ಷರ ದುಂಡಗಿದೆ ಎಂದು ಗಮನಿಸಿರಬಹುದು. ನಾನು ಹೇಳುತ್ತಿದ್ದೇನೆ, ವೀಣಾ ಬರೆಯುತ್ತಿದ್ದಾಳೆ. ಸುಮತಿ ಎರಡು ಸಲ ಬಂದು ನಿಂತು ಹೋದಳು. ‘ಪೇಪರಿನಲ್ಲಿ ಬಂದ ಮೇಲೆ ಊರಿಗೆಲ್ಲ ಗೊತ್ತಾಗ್ತದೆ. ಇನ್ನು ಒಂದು ಸಂಬಂಧವಾದರೂ ಬಂದೀತಾ?’ ಎಂದಳು. ನಾನು ಹೇಳುವುದನ್ನು ನಿಲ್ಲಿಸಿ, ‘ಮಗಾ, ಹರಿದು ಹಾಕುವುದಾದ್ರೆ ಈಗಲೇ ಹರಿದು ಹಾಕು. ನಿನ್ನ ಬದುಕು ಇದು’ ಎಂದೆ.

ವೀಣಾ ಪೆನ್ನು ಕೆಳಗಿಡದೆ ಕೇಳಿದಳು: ‘ಇದನ್ನು ಓದಿ ಹೆದರಿ ಬಾರದೆ ಇರುವವನನ್ನು ಕಟ್ಟಿಕೊಂಡು ನಾನು ಎಂತ ಮಾಡ್ಲಿ ಪಪ್ಪಾ?’