ಹಳದಿ ಹುಲ್ಲಿನ ಕೆಳಗೆ ಹದಿನಾರು ಕಲ್ಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಿಬ್ಬದ ನೆತ್ತಿಯ ಮೇಲಿನ ಕಬ್ಬಿಣದ ಗೂಟಕ್ಕೆ ಹಗ್ಗದ ಒಂದು ತುದಿ ಬಿಗಿದಿದೆ, ಇನ್ನೊಂದು ತುದಿ ಐವತ್ತನಾಲ್ಕು ವರ್ಷದ ಹೆಂಗಸಿನ ಸೊಂಟದಲ್ಲಿದೆ. ಕಡಿದಾದ ಇಳಿಜಾರಿನಲ್ಲಿ ಮಂಡಿಯೂರಿಕೊಂಡು ಅವರು ಸರಸರನೆ ಹುಲ್ಲು ಕೊಯ್ಯುತ್ತಿದ್ದಾರೆ. ಕೆಳಗಿನಿಂದ ಯಾರಾದರೂ ಗಾಬರಿಯಾಗಿ “ಜೋಪಾನ!” ಎಂದು ಕೂಗಿದರೆ ಥಟ್ಟನೆ ಉತ್ತರ ಬರುತ್ತದೆ: “ನನಗೇನಾಗುತ್ತೆ? ಕತ್ತೆತ್ತಿ ನೋಡಿ ನೋಡಿ ನಿಮ್ಮ ಕುತ್ತಿಗೆ ಉಳುಕೀತು!”

ಇಲ್ಲಿ ಎಲ್ಲರಿಗೂ ಅವರು ದಿಬ್ಬದಕ್ಕ. ದಿಬ್ಬವೆಂದರೆ ತಾನಾಗಿ ಎದ್ದ ಗುಡ್ಡವಲ್ಲ. ಸಾವಿರಾರು ವರ್ಷಗಳ ಹಿಂದೆ ಯಾರೋ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಪೇರಿಸಿದ್ದು. ನೂರಮೂವತ್ತು ಅಡಿ ಎತ್ತರ. ಬುಡವನ್ನು ಒಂದು ಸುತ್ತು ಬರಲು ದಿಬ್ಬದಕ್ಕನ ಕಾಲಳತೆಯಲ್ಲಿ ಸಾವಿರದ ಇನ್ನೂರು ಹೆಜ್ಜೆ. ಇದರ ಮೇಲೆ ಯಂತ್ರ ಹತ್ತಿಸುವಂತಿಲ್ಲ, ಹತ್ತಿಸಿದರೆ ಹುಲ್ಲಿನ ಬೇರು ಕಿತ್ತುಬಂದು ಮೊದಲ ಮಳೆಗೇ ಮಣ್ಣು ಜಾರುತ್ತದೆ. ಕೊಯ್ಯದೆ ಬಿಟ್ಟರೆ ಪೊದೆ ಬೆಳೆದು ದಿಬ್ಬವನ್ನೇ ಸೀಳುತ್ತದೆ. ಹಾಗಾಗಿ ಕುಡುಗೋಲೇ ಗತಿ. ನಾಲ್ವರು ಸೇರಿ ಪೂರ್ತಿ ಕೊಯ್ಯಲು ಇಪ್ಪತ್ತಮೂರು ದಿನ ಬೇಕು, ಅಷ್ಟರಲ್ಲಿ ಮೊದಲು ಕೊಯ್ದಲ್ಲಿ ಹುಲ್ಲು ಮತ್ತೆ ಮೊಣಕಾಲಿಗೆ ಬಂದಿರುತ್ತದೆ. ದಿಬ್ಬದಕ್ಕನ ಈ ದುಡಿಮೆಗೆ ಈಗ ಮೂವತ್ತೊಂದು ವರ್ಷ.

ಗಂಡ ದರ್ಜಿ. ಹಳೆಯ ಪ್ಯಾಂಟುಗಳ ದಪ್ಪ ಬಟ್ಟೆಯನ್ನು ನಾಲ್ಕು ಪದರ ಮಡಚಿ ಹೆಂಡತಿಯ ಮಂಡಿಗೆ ಕಟ್ಟಿಕೊಳ್ಳಲು ಮೆತ್ತೆ ಹೊಲಿದುಕೊಡುತ್ತಾರೆ. “ಮದುವೆಯಾದಾಗಿನಿಂದ ನನಗೆ ಹೊಲಿದುಕೊಟ್ಟಿದ್ದು ಇದೊಂದೇ” ಎಂದು ದಿಬ್ಬದಕ್ಕ ಮೂಗು ಮುರಿಯುತ್ತಾರೆ, ಆದರೆ ಬೇರೆಯವರು ಹೊಲಿದದ್ದನ್ನು ಮುಟ್ಟುವುದಿಲ್ಲ. ಒಮ್ಮೆ ಹಗ್ಗ ಹರಿದು ಅರ್ಧ ದಿಬ್ಬ ಉರುಳಿದ್ದರು. ಮಣಿಕಟ್ಟು ಮುರಿದು ಮೂರು ತಿಂಗಳು ಮನೆಯಲ್ಲಿ ಕೂತರು. “ನೋವಿಗಿಂತ ಮನೇಲಿ ಕೂರೋದೇ ದೊಡ್ಡ ಶಿಕ್ಷೆ ಆಯ್ತು” ಎನ್ನುತ್ತಾರೆ. ಪ್ರವಾಸಿಗರು ದಿಬ್ಬದ ಬುಡದಲ್ಲಿ ನಿಂತಿರುವ ಮೂರು ಪುರಾತನ ಕಲ್ಲುಗಳ ಫೋಟೋ ತೆಗೆಯುವಾಗ “ಸ್ವಲ್ಪ ಪಕ್ಕಕ್ಕೆ ಹೋಗಮ್ಮ” ಎಂದು ಕೈಸನ್ನೆ ಮಾಡುತ್ತಾರೆ. ದಿಬ್ಬದಕ್ಕ ಕುಡುಗೋಲು ಎತ್ತಿಕೊಂಡು ಸರಿಯುತ್ತಾರೆ.

ಆದರೆ ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾತ್ರ ಅವರು ಒಂದಿಂಚೂ ಸರಿಯಲಿಲ್ಲ.

ನಿಂತ ಕಲ್ಲುಗಳು ಮೂರೇ ಎಂದು ಫಲಕದಲ್ಲಿತ್ತು. ದಿಬ್ಬದಕ್ಕನಿಗೆ ಮಾತ್ರ ಅನುಮಾನ. ಮಳೆ ಕೈಕೊಟ್ಟ ವರ್ಷ ನೆತ್ತಿಯ ಮೇಲಿನಿಂದ ನೋಡಿದರೆ, ಕೆಳಗಿನ ಹುಲ್ಲುಗಾವಲಿನಲ್ಲಿ ಉದ್ದುದ್ದ ಹಳದಿ ಪಟ್ಟೆಗಳು ಕಾಣುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಎಪ್ಪತ್ತು ಹೆಜ್ಜೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. “ಮಣ್ಣು ತೆಳ್ಳಗಿದ್ದ ಕಡೆ ಹುಲ್ಲಿಗೆ ಮೊದಲು ಬಾಯಾರಿಕೆ ಆಗುತ್ತೆ. ಅಷ್ಟು ಅಚ್ಚುಕಟ್ಟಾಗಿ ಮಣ್ಣು ತೆಳ್ಳಗಾಗ್ಬೇಕು ಅಂದ್ರೆ ಕೆಳಗೆ ಏನೋ ಮಲಗಿರ್ಬೇಕಲ್ವಾ?” ಬಂದ ಮೇಲ್ವಿಚಾರಕರಿಗೆಲ್ಲ ಇದನ್ನು ಹೇಳಿದರು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಬೇಸಿಗೆ ಏಳು ವಾರ ಹನಿ ಮಳೆಯಿಲ್ಲ. ಪಟ್ಟೆಗಳು ಎಂದಿಗಿಂತ ಢಾಳಾಗಿ ಎದ್ದವು. ಅದೇ ಜಾಗದಲ್ಲಿ ಪ್ರವಾಸಿಗರಿಗಾಗಿ ಶೌಚಾಲಯ ಕಟ್ಟಲು ತೀರ್ಮಾನವಾಗಿತ್ತು. ಅಡಿಪಾಯ ಹಾಕಲು ಎರಡು ವಾರದಲ್ಲಿ ದೊಡ್ಡವರು ಬರುತ್ತಾರೆ, ಹುಲ್ಲನ್ನು ನೆಲಮಟ್ಟ ಕೊಯ್ದು ನೀರು ಹಾಯಿಸಿ ಹಸಿರು ಮಾಡಿ ಎಂದು ಮೇಲ್ವಿಚಾರಕರು ಆಜ್ಞೆ ಮಾಡಿದರು. ಹಾಗೆ ಮಾಡಿದರೆ ಪಟ್ಟೆಗಳ ಗುರುತೇ ಉಳಿಯುವುದಿಲ್ಲ.

“ಸಾರ್, ಕೆಳಗೆ ಏನೋ ಇದೆ.”

“ಇದೆ ಕಣಮ್ಮ. ಮಣ್ಣಿದೆ.”

“ಹಾಗಿದ್ರೆ ನಾನು ಕೊಯ್ಯಲ್ಲ.”

“ಕೊಯ್ಯದಿದ್ರೆ ನಾಳೆಯಿಂದ ಬರಬೇಡಿ.”

ದಿನಗೂಲಿಯವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಆ ಸಂಜೆ ಗಂಡನಿಗೆ ವಿಷಯ ಹೇಳಿದರು. ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ್ದು ಒಂದೇ: “ನಿನಗೆ ಗ್ಯಾರಂಟಿನಾ?” ದಿಬ್ಬದಕ್ಕ ಹೂಂ ಎಂದರು. “ಹಾಗಾದ್ರೆ ನಾಳೆ ಬೇಗ ಹೋಗು.”

ಬೆಳಗಿನ ಜಾವಕ್ಕೇ ಹೋದರು. ಸಮಾರಂಭಕ್ಕೆ ಮುಂಚೆ ಜಾಗ ನೋಡಲೆಂದು ಹಿಂದಿನ ದಿನವೇ ಬಂದಿದ್ದ ಪುರಾತತ್ವ ಇಲಾಖೆಯ ಮೇಡಂ ಮೂರು ಕಲ್ಲುಗಳ ಸುತ್ತ ಓಡಾಡುತ್ತಿದ್ದರು. “ಮೇಡಂ, ಒಂದು ಸಲ ಮೇಲೆ ಬನ್ನಿ, ಆಮೇಲೆ ಬೇಕಾದ್ರೆ ಬೈಯಿರಿ” ಎಂದು ದಿಬ್ಬದಕ್ಕ ಅವರ ಕೈ ಹಿಡಿದೇ ಹತ್ತಿಸಿದರು. ನೆತ್ತಿ ತಲುಪಿದಾಗ ಮೇಡಂಗೆ ಏದುಸಿರು. ಆಗಷ್ಟೇ ಎದ್ದ ಸೂರ್ಯನ ಓರೆ ಬೆಳಕಿನಲ್ಲಿ ಅವರು ಕೆಳಗೆ ನೋಡಿದರು. ಎಣಿಸಿದರು. ಹದಿನಾರು. ಬಾಗುತ್ತಾ ಬಾಗುತ್ತಾ ಸಾಗಿದ ಪಟ್ಟೆಗಳು ನಿಂತ ಮೂರು ಕಲ್ಲುಗಳನ್ನೂ ಸೇರಿಸಿಕೊಂಡು ದಿಬ್ಬವನ್ನು ಬಳಸಿದ್ದವು. ಮೇಡಂ ಕ್ಯಾಮೆರಾ ಹೊರತೆಗೆದರು.

ಅಷ್ಟರಲ್ಲಿ ಕೆಳಗೆ ನೀರಿನ ಟ್ಯಾಂಕರ್ ಬಂತು. ಮೇಡಂ ಮೇಲಿನಿಂದ ಒಂದರ ಹಿಂದೊಂದು ಫೋಟೋ ತೆಗೆಯತೊಡಗಿದರು, ದಿಬ್ಬದಕ್ಕ ಹಗ್ಗ ಹಿಡಿದು ಸರ್ರನೆ ಜಾರಿ ಇಳಿದರು. ಕ್ಯಾನ್ವಾಸ್ ಪೈಪನ್ನು ಎರಡು ಮಡಿಕೆ ಮಡಚಿ ಅದರ ಮೇಲೆ ಕೂತರು. ಡ್ರೈವರ್ ಬೇಡಿಕೊಂಡ, ಮೇಲ್ವಿಚಾರಕರು ಕೂಗಾಡಿದರು, ಜಪ್ಪಯ್ಯ ಅಂದರೂ ಏಳಲಿಲ್ಲ. “ನನ್ನನ್ನ ಕೆಲಸದಿಂದ ತೆಗೆದಾಯ್ತಲ್ಲ ಸಾರ್, ಈಗ ನಾನು ಪ್ರವಾಸಿ. ಆಯಾಸ ಆಗಿದೆ, ಕೂತಿದೀನಿ.” ಮೇಡಂ ಫೋನಿನಲ್ಲಿ ಮೇಲಧಿಕಾರಿಗಳನ್ನು ಒಪ್ಪಿಸಿ ಕೆಲಸ ನಿಲ್ಲಿಸಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ದಿಬ್ಬದಕ್ಕ ಪೈಪಿನ ಮೇಲೆಯೇ ಇದ್ದರು.

ಒಂಬತ್ತು ದಿನದ ಮೇಲೆ ಅಗೆತ ಶುರುವಾಯಿತು. ಮೊಣಕಾಲಾಳಕ್ಕೆ ಹೋಗುವಷ್ಟರಲ್ಲಿ ಕರಣೆಗೆ ಠಣ್ ಎಂದು ಕಲ್ಲು ತಗುಲಿತು. ಮಣ್ಣು ಸರಿಸುತ್ತಾ ಹೋದಂತೆ ಕಲ್ಲು ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಗೆ ಅಳೆದರೆ ಇಪ್ಪತ್ತೊಂಬತ್ತು ಅಡಿ! ನಿಂತ ಮೂರಕ್ಕಿಂತಲೂ ದೊಡ್ಡದು. ಬೇಲಿಯ ಆಚೆ ನಿಂತಿದ್ದ ದಿಬ್ಬದಕ್ಕ ಎರಡೂ ಕೈ ಎತ್ತಿ “ಇದೆ! ನಾನು ಹೇಳ್ಲಿಲ್ವಾ, ಇದೆ!” ಎಂದು ಕೂಗಿದ ಕೂಗಿಗೆ ಗುಂಡಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಮೇಡಂ ಮೇಲೆ ಬಂದು, ಮಣ್ಣು ಮೆತ್ತಿದ ಬಟ್ಟೆಯಲ್ಲೇ ಅವರನ್ನು ತಬ್ಬಿಕೊಂಡರು. ಸಂತೋಷಕ್ಕೆ ಇಬ್ಬರೂ ಅತ್ತರು. ಮರುದಿನ ಮೇಲ್ವಿಚಾರಕರೇ ದರ್ಜಿಯ ಅಂಗಡಿಗೆ ಬಂದು “ಅಕ್ಕನ್ನ ಕಳಿಸಿ” ಎಂದು ಕೇಳಿಕೊಂಡರು.

ಹದಿನಾರೂ ಸಿಕ್ಕಿವೆ. ಶೌಚಾಲಯ ರಸ್ತೆಯ ಆಚೆಗೆ ಹೋಗಿದೆ. ಫಲಕದಲ್ಲಿ ಈಗ ಹತ್ತೊಂಬತ್ತು ಕಲ್ಲುಗಳ ವರ್ತುಲ ಎಂದಿದೆ. ಕೆಲಸ ಕಾಯಂ ಆಗಿದೆ. ಯಾವ ಮೂಲೆಯ ಹುಲ್ಲು ಯಾವಾಗ ಕೊಯ್ಯಬೇಕು ಎಂದು ಎಂಜಿನಿಯರುಗಳೂ ಈಗ ದಿಬ್ಬದಕ್ಕನನ್ನೇ ಕೇಳುತ್ತಾರೆ. ಮುಂದಿನ ತಿಂಗಳು ಕ್ರೇನ್ ತಂದು, ಬಿದ್ದ ಕಲ್ಲುಗಳಲ್ಲೇ ಅತಿ ದೊಡ್ಡದನ್ನು ಅದರ ಹಳೆಯ ಗುಂಡಿಯಲ್ಲೇ ಎತ್ತಿ ನಿಲ್ಲಿಸುತ್ತಾರೆ. ಅವತ್ತು ವೇದಿಕೆಯ ಮೇಲೆ ನಿಮಗೂ ಕುರ್ಚಿ ಹಾಕಿಸುತ್ತೇವೆ ಎಂದಿದ್ದಕ್ಕೆ ದಿಬ್ಬದಕ್ಕ ಬೇಡ ಎಂದುಬಿಟ್ಟರಂತೆ. ಮತ್ತೇನು ಬೇಕು ಎಂದರೆ ಕುಡುಗೋಲಿನ ಅಲಗನ್ನು ಹೆಬ್ಬೆರಳಿನಲ್ಲಿ ಸವರಿ ನೋಡುತ್ತಾ ಹೇಳುತ್ತಾರೆ:

“ಇಪ್ಪತ್ತೊಂಬತ್ತು ವರ್ಷ ಅದರ ಮೈಮೇಲೇ ಓಡಾಡಿದೀನಿ. ಅದು ಎದ್ದು ನಿಂತ ಮೇಲೆ, ಬುಡದಲ್ಲಿ ಹುಟ್ಟೋ ಮೊದಲ ಹುಲ್ಲು ನಾನೇ ಕೊಯ್ಬೇಕು. ಅಷ್ಟೇ.”