ಅವ್ವನ ಮಷೀನು ಒಯ್ದ ಮಾಮಾ

ನಮ್ಮ ಸೋದರಮಾವನ ಎರಡೂ ಕೈ ಸದಾ ಮುಗಿದೇ ಇರುತ್ತವೆ, ನಡುವೆ ಒಂದು ಫೋನು. ನಮಸ್ಕಾರ ನಿಮಗೆ, ಕಣ್ಣು ಫೋನಿಗೆ. ಆ ಕೈ ಕಂಡರೇ ನನಗೆ ಮೈ ಉರಿಯುತ್ತದೆ.

ಹುಟ್ಟಿದ್ದು ಚಪಳಗಾಂವದಲ್ಲಿ. ಸಾಲಿ ಅರ್ಧಕ್ಕೇ ಬಿಟ್ಟು ಸೊಲ್ಲಾಪುರಕ್ಕೆ ಹೋಗಿ ಒಬ್ಬ ಪುಢಾರಿಯ ಕಾರಿನ ಬಾಗಿಲು ತೆಗೆಯುವ ಕೆಲಸ ಹಿಡಿದ. ಆಮೇಲೆ ಎದುರು ಪಕ್ಷದ ಪುಢಾರಿಯ ಬಾಗಿಲು. ಎರಡು ದೊಡ್ಡ ಪಕ್ಷಗಳೂ ಟಿಕೆಟ್ ಕೊಡದಿದ್ದಾಗ, ಯಾರೂ ಹೆಸರು ಕೇಳದ ಮೂರನೆಯದೊಂದನ್ನು ಹುಡುಕಿಕೊಂಡು ಬಂದ. ಚಿಹ್ನೆ ಹೊಲಿಗೆ ಮಷೀನು.

ಮರುದಿನವೇ ನಮ್ಮ ಮನೆಗೆ ಹಾಜರು. ಅವ್ವ ಯಾರದೋ ಲಗ್ನದ ಜಂಪರು ಹೊಲಿಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಒಲೆ ಉರಿಯುತ್ತಿದ್ದುದು ಆ ಮಷೀನಿನಿಂದಲೇ.

“ಅಕ್ಕಾ, ಫಕ್ತ ಪ್ರಚಾರ ಮುಗಿಯೂತನಾ ಕೊಡು. ಟೆಂಪೋದ ಮ್ಯಾಲ ಇಡ್ತೀನಿ. ಕಾಳಜಿ ಕರೂ ನಕೋ.”

ಚಿಂತೆ ಮಾಡಬೇಡ ಅನ್ನುವುದನ್ನು ಅಕ್ಕನಿಗೆ ಅವನು ಮರಾಠಿಯಲ್ಲಿ ಹೇಳಿದನೆಂದರೆ ಚಿಂತೆ ಶುರುವಾಯಿತೆಂದೇ ಅರ್ಥ. ತಮ್ಮನಲ್ಲವೇ, ಅವ್ವ ಕೊಟ್ಟಳು. ಮಷೀನು ಅಕ್ಕಲಕೋಟ, ವಳಸಂಗವೆಲ್ಲ ತಿರುಗಿತು. ನಮ್ಮ ಓಣಿಯ ಹೆಂಗಸರನ್ನಂತೂ ಗುಡಿಗೇ ಕರೆದು, ಕೈಯಲ್ಲಿ ಅರಿಶಿನದ ಭಂಡಾರ ಹಿಡಿಸಿ, ತನಗೇ ಮತವೆಂದು ಆಣೆ ಹಾಕಿಸಿದ.

ಪ್ರಚಾರದ ಕೊನೆಯ ದಿನ ನೋಡಿದರೆ ಆ ಮೊದಲನೆಯ ಪುಢಾರಿಯ ವೇದಿಕೆಯ ಮೇಲೆ ಕೂತಿದ್ದಾನೆ! ಕೊರಳಲ್ಲಿ ಅವರ ಶಾಲು. ತನ್ನ ಮತವೆಲ್ಲ ಈ ಪುಢಾರಿ ಸಾಹೇಬರಿಗೆ ಅಂದುಬಿಟ್ಟ. ನಾಚಿಕೆಗೆಟ್ಟವನು. ಆದರೆ ಹೆಸರು ಹಿಂದಕ್ಕೆ ಪಡೆಯುವ ಗಡುವು ಎಂದೋ ಮುಗಿದಿತ್ತು. ಹೆಂಗಸರು ಆಣೆ ಮುರಿಯಲಿಲ್ಲ. ಅವನಿಗೇ ಒತ್ತಿ ಬಂದರು. ಸಾಹೇಬರು ಕೂದಲೆಳೆಯಲ್ಲಿ ಸೋತರು.

ಮಾಮಾ ಕೆಂಡವಾಗಿ ಬಂದ. “ನನಗ್ಯಾಕ ಹಾಕಿದ್ರಿ? ಸಾಹೇಬ್ರ ಮುಂದ ನನ್ನ ಮಾತಿಗಿ ಕಿಮ್ಮತ್ತ ಉಳೀಲಿಲ್ಲ!”

ತನಗೆ ಮತ ಹಾಕಿದವರನ್ನೇ ಬೈಯುವ ಅಭ್ಯರ್ಥಿಯೆಂದು ನಾನು ಕಂಡದ್ದು ಅವನೊಬ್ಬನನ್ನೇ.

“ನಿನಗ್ಯಾರ ಹಾಕ್ಯಾರ?” ಅಂದಳು ಅವ್ವ. “ಭಂಡಾರ ಎತ್ತಿದ್ವಿ, ದೇವರಿಗಿ ಅಂಜಿ ಹಾಕೀವಿ. ಮದಲ ನನ್ನ ಮಷೀನ ತಂದ ಇಡು.”

ಸಾಹೇಬರ ಅಂಗಳದಲ್ಲಿ ಟೆಂಪೋ ಖಾಲಿ ಮಾಡುವಾಗ ಅದನ್ನು ಯಾರೋ ಎತ್ತಿಕೊಂಡು ಹೋದರಂತೆ. “ಹೊಸಾದ ಕೊಡಸ್ತೀನಿ ಅಕ್ಕಾ, ಕಾಳಜಿ ಕರೂ ನಕೋ.”

ಕೊಡಿಸಲಿಲ್ಲ. ಅವ್ವ ಈಗ ದಿನಾ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಯೂನಿಫಾರ್ಮಿನ ಕಾರಖಾನೆಯಲ್ಲಿ ಇನ್ನೊಬ್ಬರ ಮಷೀನಿಗೆ ಕೂರುತ್ತಾಳೆ. ಈ ವಯಸ್ಸಿನಲ್ಲಿ. ಅವನನ್ನು ನಾನು ಕ್ಷಮಿಸುವುದಿಲ್ಲ.

ಮೊನ್ನೆ ಮತ್ತೆ ಬಂದಿದ್ದ. ಅದೇ ಮುಗಿದ ಕೈ, ಅದೇ ಫೋನು, ಬೇರೆ ಪಕ್ಷ. ಅಂಗಳದಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕಾಲು ಚಾಚಿ ಕೂತ.

“ಈ ಸಲ ಚಿನ್ಹ ಏನಪಾ?”

“ಹೊರಸು, ಅಕ್ಕಾ.”

“ಏಳ ಮ್ಯಾಲ” ಅಂದಳು ಅವ್ವ. ಅವನು ಎದ್ದ ಕೂಡಲೇ ಹೊರಸನ್ನು ಒಳಗೆಳೆದು ಚಿಲಕ ಹಾಕಿದಳು.