ದೆವ್ವಕ್ಕೆ ಕೊಟ್ಟ ಹಸಿರು ಸೀರೆ

ನ್ಯಾಮತಿಯ ಟೆಂಟಿನಲ್ಲಿ ಆ ದೆವ್ವದ ಸಿನಿಮಾ ನೋಡಿದವರೆಲ್ಲ ಎರಡು ದಿನ ಹೆದರಿ ಮರೆತರು. ನಾನು ಮರೆಯಲಿಲ್ಲ. ಆ ದೆವ್ವಕ್ಕೆ ಸೀರೆ ಕೊಟ್ಟವಳು ನಾನೇ.

ಎಂಬತ್ತರ ದಶಕದ ಶುರುವಿನಲ್ಲಿ, ಸವಳಂಗದ ಹತ್ತಿರದ ನಮ್ಮೂರಿಗೆ ಏಳೆಂಟು ಜನ ಒಂದು ವ್ಯಾನಿನಲ್ಲಿ ಬಂದು, ಕೆರೆ ಏರಿಯ ಹಿಂದಿನ ಪಾಳುಮನೆಯಲ್ಲಿ ಸಿನಿಮಾ ತೆಗೆಯುತ್ತಿದ್ದರು. ಯಾವುದೋ ಹಿಂದಿ ಸಿನಿಮಾವನ್ನು ಹಾಗೇ ಭಟ್ಟಿ ಇಳಿಸುತ್ತಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಅದೇ ಬಿಚ್ಚಿದ ಕೂದಲು, ಅದೇ ಮೇಣದ ಬತ್ತಿ, ಅದೇ ಬಿಳಿ ಸೀರೆ. ಇದ್ದ ಒಂದೇ ಬಿಳಿ ಸೀರೆ ಜಾಲಿಮುಳ್ಳಿಗೆ ಸಿಕ್ಕಿ ಹರಿದಾಗ ಡೈರೆಕ್ಟರು ನಮ್ಮ ಮನೆಗೆ ಬಂದರು.

"ಅಮ್ಮಾ, ಒಂದು ಬಿಳಿ ಸೀರೆ ಇದ್ರೆ ಕೊಡ್ತೀರಾ? ದೆವ್ವಕ್ಕೆ ಬೇಕಿತ್ತು."

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಿಮ್ಮ ದೆವ್ವಕ್ಕೆ ಗಂಡ ಅದಾನೇನ್ರೀ?"

"ಇದಾನೆ. ಅವನೇ ಹೀರೋ."

"ಮತ್ತೆ ಮುತ್ತೈದೆ ಸತ್ರೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕಳಸ್ತೀವಿ. ದಾರಿಯಾಗೆ ಅದಕ್ಕೆ ಬಿಳಿ ಸೀರೆ ಕೊಟ್ಟೋರ್ಯಾರು, ನೀವಾ?"

ಡೈರೆಕ್ಟರು ಕುಣಿದಾಡಿದರು. "ಹಸಿರು ಸೀರೆ ದೆವ್ವ! ಇದನ್ನ ಯಾರೂ ತೆಗೆದಿಲ್ಲ. ಹೆರಿಗೇಲಿ ಸತ್ತೋಳು, ತೊಟ್ಟಿಲು ಹುಡುಕ್ಕೊಂಡು ಬರ್ತಾಳೆ!"

ಹೆರಿಗೆ ಎಂದ ಕೂಡಲೇ ಅತ್ತೆ ಎಲೆ ಕೆಳಗಿಟ್ಟು ಹಿತ್ತಿಲಿಗೆ ಹೋದರು. ನನ್ನ ವಾರಗಿತ್ತಿ, ನಾನು ಅಕ್ಕ ಎನ್ನುತ್ತಿದ್ದವಳು, ಹಿಂದಿನ ವರ್ಷ ಎರಡನೇ ಹೆರಿಗೆಯಲ್ಲಿ ಹಸುಗೂಸಿನ ಸಮೇತ ತೀರಿಕೊಂಡಿದ್ದಳು. ಮೊದಲ ಬಸುರಿನಲ್ಲಿ ಸೀಮಂತಕ್ಕೆ ಉಟ್ಟ ಕುಬಸದ ಹಸಿರು ಸೀರೆಯನ್ನು ಅವಳ ಮಗಳಿಗೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಸಿನಿಮಾದವರು ಬಂದ ಸಡಗರದಲ್ಲಿ ನನಗೆ ಬುದ್ಧಿ ಎಲ್ಲಿ ಹೋಗಿತ್ತೋ, ಅದನ್ನೇ ತೆಗೆದುಕೊಟ್ಟೆ.

ದೆವ್ವದ ಪಾತ್ರದ ಹುಡುಗಿಗೆ ಒಳಮನೆಯಲ್ಲಿ ನಾನೇ ಸೀರೆ ಉಡಿಸಿದೆ. "ಅಕ್ಕಾ, ನಿಮ್ಮ ಕಡೆಯವರು ತೊಟ್ಟಿಲಿಂದ ಮಗು ಹೇಗೆ ಎತ್ಕೋತಾರೆ?" ಎಂದಳು. ಅಕ್ಕ ಮಾಡುತ್ತಿದ್ದ ಹಾಗೆ ಸೆರಗಿಗೆ ಕೈ ಒರೆಸಿ, ಸೆರಗನ್ನು ಎಡಸೊಂಟಕ್ಕೆ ಸಿಕ್ಕಿಸಿ ತೋರಿಸಿದೆ. ಮರುದಿನ ಸೀರೆ ಹಿಂದಕ್ಕೆ ಬಂತು. ಯಾರಿಗೂ ತಿಳಿಯದಂತೆ ಪೆಟ್ಟಿಗೆಗೆ ಸೇರಿಸಿದೆ.

ಮುಂದಿನ ವರ್ಷ ಸಿನಿಮಾ ಟೆಂಟಿಗೆ ಬಂತು. ಅಕ್ಕನ ಮಗಳು, ಆರು ವರ್ಷದ ಕೂಸು, ನನ್ನ ತೊಡೆಯ ಮೇಲಿತ್ತು. ಪರದೆಯ ಮೇಲೆ ಹಸಿರು ಸೀರೆಯವಳು ಬಂದಳು, ಕೈ ಒರೆಸಿದಳು, ಸೆರಗು ಸಿಕ್ಕಿಸಿದಳು, ತೊಟ್ಟಿಲಿಗೆ ಬಗ್ಗಿದಳು. ಹೆಂಗಸರೆಲ್ಲ ಕಿರುಚಿದರು. ಕೂಸು ಎದ್ದು ನಿಂತು ನಕ್ಕಿತು.

"ನಮ್ಮವ್ವ!"

ಆಮೇಲೆ ಕೂಸು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ತನ್ನ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಕಾಯುತ್ತಿತ್ತು. "ಅವ್ವ ಟೆಂಟಿನಾಗೆ ಅದಾಳೆ. ಮನೆಗೆ ಬರಾಕೆ ಏನು?" ಎನ್ನುತ್ತಿತ್ತು. "ಲಿಂಗ ಕಟ್ಟಿಕೊಂಡು ಶಿವನ ಪಾದ ಸೇರಿದೋಳು ದೆವ್ವ ಆಗಂಗಿಲ್ಲ ಮಗಾ," ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ದಿನದಿನಕ್ಕೆ ಸೊರಗಿತು. ನಿಜ ಹೇಳಿದರೆ ಅದರ ಪಾಲಿಗೆ ಅವ್ವ ಇನ್ನೊಮ್ಮೆ ಸಾಯುತ್ತಾಳೆ. ಹೇಳದಿದ್ದರೆ ಕೂಸೇ ಉಳಿಯುವುದಿಲ್ಲ.

ಒಂದು ಸೋಮವಾರ ಪೂಜೆ ಮುಗಿಸಿ, ಆ ಸೀರೆ ಉಟ್ಟು ಕೂಸಿನ ಮುಂದೆ ನಿಂತೆ. ಪಕ್ಕದಲ್ಲಿ ಅತ್ತೆ ಇದ್ದರು. "ಸೀರೆ ಕೊಟ್ಟೋಳು ನಾನು. ಹಿಂಗೆ ಮಾಡು ಅಂತ ತೋರಿಸ್ದೋಳೂ ನಾನೇ," ಎಂದು ಕೈ ಒರೆಸಿ ಸೆರಗು ಸಿಕ್ಕಿಸಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿದರು.

ಕೂಸು ನನ್ನ ಕೈಯನ್ನೇ ನೋಡಿತು. "ಹಂಗಲ್ಲ ಚಿಕ್ಕವ್ವಾ. ಅವ್ವ ಅಂಗೈ ಒರೆಸಿ, ತಿರುಗಿಸಿ ಹಿಂದ್ಗಡೆನೂ ಒರಸ್ತಿದ್ಲು."

ನನಗೆ ಅದು ನೆನಪೇ ಇರಲಿಲ್ಲ.

"ಟೆಂಟಿನಾಗೂ ನಿನ್ನಂಗೇ ಒಂದೇ ಸಲ ಒರೆಸಿದ್ಲು," ಎಂದಿತು. "ಹಂಗಾರೆ ಅದು ಅವ್ವ ಅಲ್ಲ."

ಅತ್ತಿತು. ಎರಡು ವರ್ಷದ ಅಳುವನ್ನು ಒಂದೇ ಮಧ್ಯಾಹ್ನ ಅತ್ತಿತು. ಆಮೇಲೆ ನನ್ನ ಕೈಯಿಂದ ಎರಡು ರೊಟ್ಟಿ ತಿಂದಿತು. ಶಿವ ಅಷ್ಟು ಕೊಟ್ಟ.

ಸಂಜೆ ಹಿತ್ತಿಲ ಬಾಗಿಲ ಚಿಲಕ ತಾನೇ ಹಾಕಿತು. ಹಾಕುವ ಮೊದಲು ಒಮ್ಮೆ ಹೊರಗೆ ಇಣುಕಿತು. ಅದರ ತಲೆಯ ಮೇಲಿಂದ ನಾನೂ ಇಣುಕಿದೆ.